ಬಸ್ಸಾ, ಗ್ಯಾಸ್‌ಲೈಟಾ?

ಪ್ರಶ್ನೆ: ನಾನು ಉಡುಪಿಯವನು. ಮನೆಯ ಮಾಳಿಗೆಯಲ್ಲಿ 6 ಅಡಿ ಉದ್ದ, 3 ಅಡಿ ಅಗಲದ ಎಚ್‌ಒ ಅಳತೆಯ ಮಾಡೆಲ್ ರೈಲು ಲೇಔಟ್ ಕಟ್ಟುತ್ತಿದ್ದೇನೆ. ಇಂದ್ರಾಳಿಯ ಹಾಗೆ ಕೆಳಗೆ ಹಳಿ, ಮೇಲೆ ರಸ್ತೆ ಸೇತುವೆ. ಸೇತುವೆ ಮೇಲಿನ ಬಸ್ಸು, ಲಾರಿ, ಆಟೋಗಳಿಗೆ ದೀಪ ಹಾಕಬೇಕೆಂಬ ಆಸೆ. ಮೊದಲ ಬಸ್ಸಿನಲ್ಲಿ 9 ವೋಲ್ಟ್ ಬ್ಯಾಟರಿಗೆ ನೇರ ಜೋಡಿಸಿ ಎಲ್‌ಇಡಿ ಸುಟ್ಟುಕೊಂಡೆ. ಎರಡನೆಯದು ಉರಿಯಿತು, ಆದರೆ ಬಸ್ಸಿನ ಇಡೀ ಮೈಯೇ ನೀಲಿ ನೀಲಿ ಹೊಳೆಯಿತು. ಇನ್ನೆರಡು ಚೆನ್ನಾಗಿ ಬಂದಿದ್ದವು, ಮಳೆಗಾಲ ಮುಗಿಯುವಾಗ ತಾವಾಗಿಯೇ ಆರಿಹೋದವು. ಎಲ್ಲಿ ತಪ್ಪುತ್ತಿದ್ದೇನೆ? ಲಾರಿಗಳನ್ನೇ ಹೊತ್ತೊಯ್ಯುವ ರೋರೋ ರೈಲಿನ ಮೇಲಿನ ಲಾರಿಗಳಿಗೂ ದೀಪ ಹಾಕಬಹುದಾ? ಪ್ಯಾಸೆಂಜರ್ ಬೋಗಿಯ ಲೈಟ್ ಮಿಣುಕುವುದಕ್ಕೆ ಏನು ಮಾಡಲಿ?

ಉತ್ತರ: ನೀವು ಬರೆದ ಒಂದೊಂದು ತೊಂದರೆಯೂ ನನಗೆ ಆಗಿದ್ದೇ. ನನ್ನ ಮೊದಲ ಬಸ್ಸಿಗೆ 5 ಮಿ.ಮೀ.ನ ಎರಡು ಬಿಳಿ ಎಲ್‌ಇಡಿ ಹಾಕಿದ್ದೆ. ರಾತ್ರಿ ಕೋಣೆಯ ಲೈಟ್ ಆರಿಸಿ ಮನೆಯವರನ್ನೆಲ್ಲ ಕರೆದೆ. ಎದುರಿನ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಅಂತ ಓದಬಹುದಾಗಿತ್ತು, ಅಷ್ಟು ಬೆಳಕು. ಅಮ್ಮ ಸ್ವಲ್ಪ ಹೊತ್ತು ನೋಡಿ, "ಇದೆಂತ, ಬಸ್ಸಾ? ಯಕ್ಷಗಾನದ ಆಟಕ್ಕೆ ಹೊತ್ತಿಸಿದ ಗ್ಯಾಸ್‌ಲೈಟಾ?" ಅಂದರು. ಅವತ್ತಿಂದ ಇವತ್ತಿನವರೆಗೆ ನಾನು ಕಲಿತದ್ದೆಲ್ಲ ಬೆಳಕನ್ನು ಕಡಿಮೆ ಮಾಡುವುದು ಹೇಗೆ ಅನ್ನುವುದೇ. ಎಲ್‌ಇಡಿ ಉರಿಸುವುದು ಐದು ನಿಮಿಷದ ಕೆಲಸ. ಅದನ್ನು ತಗ್ಗಿಸುವುದು, ಬೇಡದ ಕಡೆ ತಡೆಯುವುದು, ನಮ್ಮ ಉಪ್ಪುಗಾಳಿಯಲ್ಲಿ ಅದನ್ನು ಉಳಿಸಿಕೊಳ್ಳುವುದು, ಇದರಲ್ಲೇ ಸಮಯ ಹೋಗುವುದು.

ಮೊದಲು ಅಳತೆ. ಎಚ್‌ಒ ಅಂದರೆ 87ರಲ್ಲಿ ಒಂದು ಪಾಲು. ನೀವು ಹಾಕುವ ಯಾವುದೇ ದೀಪವನ್ನು 87ರಿಂದ ಗುಣಿಸಿ ನೋಡಿ. 5 ಮಿ.ಮೀ. ಎಲ್‌ಇಡಿ ನಿಜವಾದ ಬಸ್ಸಿನಲ್ಲಿ 43 ಸೆಂ.ಮೀ. ಅಗಲ ಆಗುತ್ತದೆ. ಹೆಡ್‌ಲೈಟ್ ಜಾಗದಲ್ಲಿ ಎರಡು ಹರಿವಾಣ ಕಟ್ಟಿದ ಹಾಗೆ! 3 ಮಿ.ಮೀ. ಕೂಡ 26 ಸೆಂ.ಮೀ. ಆಗುತ್ತದೆ, ಊಟದ ಬಟ್ಟಲಷ್ಟು. ನಿಜವಾದ ಹೆಡ್‌ಲೈಟು 18 ಸೆಂ.ಮೀ. ಇದೆ ಅಂದುಕೊಂಡರೆ ಮಾಡೆಲ್‌ನಲ್ಲಿ ಅದು 2 ಮಿ.ಮೀ. ಅಷ್ಟೇ. ಹಾಗಾಗಿ ಕಾಲಿರುವ ಎಲ್‌ಇಡಿ ಬಿಟ್ಟು ಎಸ್‌ಎಂಡಿ, ಅಂದರೆ ಕಾಲಿಲ್ಲದ ಪುಟ್ಟ ಎಲ್‌ಇಡಿಗೆ ಬನ್ನಿ. 0603 ಅನ್ನುವ ಸೈಜ್ 1.6 ಮಿ.ಮೀ. ಉದ್ದ, 0.8 ಮಿ.ಮೀ. ಅಗಲ. ಬಸ್ಸು, ಲಾರಿಗೆ ಇದು ಸರಿ. 0402 ಇನ್ನೂ ಚಿಕ್ಕದು, 1 ಮಿ.ಮೀ. ಉದ್ದ, ಅರ್ಧ ಮಿ.ಮೀ. ಅಗಲ. ಆಟೋಗೆ, ಬೈಕಿಗೆ, ಬಸ್ಸಿನ ಇಂಡಿಕೇಟರಿಗೆ. ಇದನ್ನು ಹಿಡಿಯುವಾಗ ಸೀನಬೇಡಿ, ಮತ್ತೆ ಸಿಗುವುದಿಲ್ಲ.

ಆನ್‌ಲೈನಲ್ಲಿ ವಯರ್ ಸಮೇತ ಬೆಸೆದ ಎಸ್‌ಎಂಡಿ ಸಿಗುತ್ತವೆ. ಮೊದಲ ನಾಲ್ಕೈದು ಗಾಡಿಗೆ ಅದನ್ನೇ ತೆಗೆದುಕೊಳ್ಳಿ, ನಾಚಿಕೆಯೇನಿಲ್ಲ. ಇನ್ನೊಂದು ಅಗ್ಗದ ದಾರಿ ಇದೆ. ದೀಪಾವಳಿಗೆ ತಾಮ್ರದ ಸಣ್ಣ ತಂತಿಯಲ್ಲಿ ಹನಿ ಹನಿ ದೀಪ ಇರುವ ಸೀರಿಯಲ್ ಸೆಟ್ ಮಾರುತ್ತಾರಲ್ಲ, ಸೆಲ್‌ನಲ್ಲಿ ಉರಿಯುವಂಥದು, ಅದರಿಂದ ಒಂದೊಂದೇ ದೀಪ ಕತ್ತರಿಸಿಕೊಳ್ಳಿ. ಎಲ್‌ಇಡಿ, ತಂತಿ, ಬೆಸುಗೆ ಮೂರೂ ತಯಾರಾಗಿ ಬಂದ ಹಾಗೆ. ಹನಿ ಸ್ವಲ್ಪ ದಪ್ಪ ಇರುವುದರಿಂದ ಹೆಡ್‌ಲೈಟಿಗೆ ಹೊಂದುವುದಿಲ್ಲ, ಬಸ್ಸಿನ ಒಳಗಿನ ಲೈಟಿಗೆ, ಅಂಗಡಿ ಮನೆಗಳಿಗೆ ಬಹಳ ಒಳ್ಳೆಯದು. ಪ್ಲಸ್ ಯಾವುದು, ಮೈನಸ್ ಯಾವುದು ಅಂತ ಸಿಆರ್ 2032 ಬಟನ್ ಸೆಲ್‌ಗೆ ಮುಟ್ಟಿಸಿ ನೋಡಿ ಗುರುತು ಮಾಡಿಟ್ಟುಕೊಳ್ಳಿ.

ಈಗ ನಿಮ್ಮ ಸುಟ್ಟ ಎಲ್‌ಇಡಿ. ಬಿಳಿ ಎಲ್‌ಇಡಿಗೆ ಬೇಕಾದದ್ದು ಸುಮಾರು 3 ವೋಲ್ಟ್, ಕೆಂಪು ಮತ್ತು ಹಳದಿಗೆ ಸುಮಾರು 2. ಉಳಿದ ವೋಲ್ಟನ್ನು ನುಂಗಲು ರೆಸಿಸ್ಟರ್ ಬೇಕು. ನೀವು ಅದಿಲ್ಲದೆ 9 ವೋಲ್ಟ್ ಕೊಟ್ಟಿರಿ, ಅದು ಒಂದು ಸಲ ಜೋರಾಗಿ ಹೊಳೆದು ಸತ್ತಿತು. ಆ ಬ್ಯಾಟರಿಯನ್ನೇ ಬಿಟ್ಟುಬಿಡಿ. ಮನೆಯಲ್ಲಿ ಹಳೆಯ ಮೊಬೈಲ್ ಚಾರ್ಜರ್ ಇರುತ್ತದೆ, 5 ವೋಲ್ಟಿನದು. ರಸ್ತೆಯ ಎಲ್ಲ ಗಾಡಿಗಳಿಗೂ ಅದೊಂದೇ ಸಾಕು. 20 ಗಾಡಿ, ಗಾಡಿಗೆ 4 ದೀಪ, ದೀಪಕ್ಕೆ ಅರ್ಧ ಮಿಲಿ ಆಂಪ್ ಅಂದರೂ ಒಟ್ಟು 40 ಮಿಲಿ ಆಂಪ್. ಚಾರ್ಜರ್ 1,000 ಕೊಡುವಂಥದ್ದು, ಅದಕ್ಕೆ ಇದು ಕಚಗುಳಿ ಇಟ್ಟ ಹಾಗೆ.

ಅರ್ಧ ಮಿಲಿ ಆಂಪ್ ಸಾಕಾ ಅಂತ ಕೇಳಬಹುದು. ಪುಸ್ತಕದಲ್ಲಿ 20 ಮಿಲಿ ಆಂಪ್ ಅಂತ ಇರುತ್ತದೆ. ಅದು ಎಲ್‌ಇಡಿ ತಡೆದುಕೊಳ್ಳುವ ಲೆಕ್ಕ, ನಿಮ್ಮ ಬಸ್ಸಿಗೆ ಬೇಕಾದ ಲೆಕ್ಕ ಬೇರೆ. ಒಂದು ಪ್ರಯೋಗ ಮಾಡಿ. 5 ವೋಲ್ಟಿಗೆ ಒಂದೇ ಬಗೆಯ ಮೂರು ವಾರ್ಮ್ ವೈಟ್ ಎಲ್‌ಇಡಿ ಜೋಡಿಸಿ. ಒಂದಕ್ಕೆ 1ಕೆ (ಅಂದರೆ ಸಾವಿರ ಓಮ್) ರೆಸಿಸ್ಟರ್, ಒಂದಕ್ಕೆ 4.7ಕೆ, ಒಂದಕ್ಕೆ 10ಕೆ. ಮೊದಲನೆಯದಕ್ಕೆ ಹತ್ತಿರ ಹತ್ತಿರ 2 ಮಿಲಿ ಆಂಪ್ ಹೋಗುತ್ತದೆ, ಎರಡನೆಯದಕ್ಕೆ ಸುಮಾರು ಅರ್ಧ ಮಿಲಿ ಆಂಪ್, ಮೂರನೆಯದಕ್ಕೆ ಅದರ ಅರ್ಧಕ್ಕಿಂತ ಒಂಚೂರು ಆಚೀಚೆ. ಕೋಣೆ ಕತ್ತಲು ಮಾಡಿ, ಒಂದು ಮಾರು ದೂರ ನಿಂತು ನೋಡಿ. 1ಕೆಯದು ಕಣ್ಣಿಗೆ ಚುಚ್ಚುತ್ತದೆ. 4.7ಕೆಯದು ಹೆಡ್‌ಲೈಟ್ ಹಾಗೆ ಕಾಣುತ್ತದೆ. 10ಕೆಯದು ಬಸ್ಸಿನ ಒಳಗಿನ ದೀಪಕ್ಕೆ ಸರಿ. ಹಿಂದಿನ ಕೆಂಪು ದೀಪಕ್ಕೆ ನಾನು 10ಕೆಯಿಂದ ಶುರು ಮಾಡುತ್ತೇನೆ, ಕೆಲವಕ್ಕೆ 22ಕೆವರೆಗೂ ಹೋಗಿದ್ದೇನೆ. ಹಿಂದಿನ ದೀಪ ಹೆಡ್‌ಲೈಟಿಗಿಂತ ಮಂಕಾಗಿ ಇರಲೇಬೇಕು. ಇದೊಂದನ್ನು ಸರಿ ಮಾಡಿದರೆ ಅರ್ಧ ಆಟಿಕೆತನ ಹೋಗುತ್ತದೆ.

ಒಂದೊಂದು ಎಲ್‌ಇಡಿಗೂ ಅದರದೇ ರೆಸಿಸ್ಟರ್ ಇರಲಿ. ಎರಡು ಹೆಡ್‌ಲೈಟಿಗೆ ಒಂದೇ ಹಾಕಿದರೆ ಒಂದು ಕಣ್ಣು ಜಾಸ್ತಿ, ಒಂದು ಕಣ್ಣು ಕಮ್ಮಿ ಆಗುವುದುಂಟು. ಒಂದೇ ಪ್ಯಾಕೆಟ್ಟಿನ ಎಲ್‌ಇಡಿಗಳೂ ಕೂದಲೆಳೆಯಷ್ಟು ಬೇರೆ ಬೇರೆ ಇರುತ್ತವೆ. ರೆಸಿಸ್ಟರ್ ಬೆಲೆ ಎಷ್ಟು ಮಾರಾಯ್ರೆ, ಮಂಗಳೂರಿನ ಹಂಪನಕಟ್ಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದರೆ ಚಿಲ್ಲರೆಗೆ ಒಂದು ಹಿಡಿ ಕೊಡುತ್ತಾರೆ.

ಬಣ್ಣದ ವಿಷಯ ಬಂದರೆ, ನಿಮ್ಮ ಲೇಔಟು ಯಾವ ಕಾಲದ್ದು ಅಂತ ಮೊದಲು ನೀವೇ ತೀರ್ಮಾನ ಮಾಡಬೇಕು. ಕೊಂಕಣ ರೈಲ್ವೆ ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ಆ ಕಾಲದ ಇಂದ್ರಾಳಿ ಮಾಡುವುದಾದರೆ ಹಳಿಯ ಮೇಲೆ ವಿದ್ಯುತ್ ತಂತಿ ಇರಕೂಡದು, ಡೀಸೆಲ್ ಎಂಜಿನ್ ಇರಬೇಕು, ಬಸ್ಸಿನ ಹೆಡ್‌ಲೈಟು ಹಳದಿ ಇರಬೇಕು, ಬೀದಿ ದೀಪ ಸೋಡಿಯಂ ಬಲ್ಬಿನ ಕಿತ್ತಳೆ ಬಣ್ಣ ಇರಬೇಕು. ಈಗಿನದಾದರೆ, 2022ರಲ್ಲಿ ಇಡೀ ಮಾರ್ಗ ವಿದ್ಯುತ್ತಿಗೆ ಬಂತು, ಕಂಬ ತಂತಿ ಬೇಕು, ಬೀದಿ ದೀಪ ಬಿಳಿ. ಈಗಿನ ರಸ್ತೆಯಲ್ಲೂ ಎಲ್ಲ ಗಾಡಿಯ ದೀಪ ಒಂದೇ ಬಣ್ಣ ಇರುವುದಿಲ್ಲ. ಒಂದು ದಿನ ಸಂಜೆ ಏಳು ಗಂಟೆಗೆ ಸುಮ್ನೆ ಹೋಗಿ ಸೇತುವೆ ಹತ್ತಿರ ನಿಂತು ನೋಡಿ. ಹೊಸ ಕಾರಿನದು ಬೆಳ್ಳಗೆ, ಹಳೆ ಲಾರಿಯದು ಬೆಲ್ಲದ ಬಣ್ಣ, ಆಟೋದ್ದು ಇನ್ನೂ ಮಂಕು. ಯಾವುದೋ ಒಂದು ಟೆಂಪೋದ ಒಂದು ಕಣ್ಣು ಕುರುಡು. ಎಕ್ಸ್‌ಪ್ರೆಸ್ ಬಸ್ಸಿನ ಗಾಜಿನ ಮೇಲ್ಗಡೆ ಕೆಂಪೋ ಹಸಿರೋ ಸಣ್ಣ ಲೈಟು, ದೇವರ ಪಟದ ಮೇಲೆ ಮಲ್ಲಿಗೆ ಮಾಲೆ. ಆ ದೇವರ ಪಟದ ದೀಪವನ್ನು ನಾನು ಒಂದು 0402 ಕೆಂಪು ಎಲ್‌ಇಡಿಯಲ್ಲಿ, 47ಕೆ ರೆಸಿಸ್ಟರ್ ಹಾಕಿ ಮಾಡಿದ್ದೇನೆ. ಬಂದವರಲ್ಲಿ ಹತ್ತಕ್ಕೊಬ್ಬರಿಗೆ ಕಾಣುತ್ತದೆ. ಕಂಡವರು ಬೇರೆ ಯಾವುದನ್ನೂ ಮಾತಾಡುವುದಿಲ್ಲ.

ಕೈಯಲ್ಲಿ ನೀಲಿ ಮಿಶ್ರಿತ ಬಿಳಿ ಎಲ್‌ಇಡಿ ಜಾಸ್ತಿ ಉಳಿದಿದ್ದರೆ ಎಸೆಯಬೇಡಿ. ಗ್ಲಾಸ್ ಪೇಂಟಿಂಗ್‌ಗೆ ಬಳಸುವ ಹಳದಿ ಬಣ್ಣ ತೆಳುವಾಗಿ ಒಂದು ಕೋಟ್ ಕೊಡಿ, ಹಳೆಯ ಬಲ್ಬಿನ ಛಾಯೆ ಬರುತ್ತದೆ.

ನಿಮ್ಮ ಎರಡನೆಯ ಬಸ್ಸು ಮೈಯೆಲ್ಲ ಹೊಳೆದದ್ದಕ್ಕೆ ಕಾರಣ ಪ್ಲಾಸ್ಟಿಕ್. ಕಣ್ಣಿಗೆ ಗಟ್ಟಿ ಕಂಡರೂ ತೆಳು ಪ್ಲಾಸ್ಟಿಕ್ಕಿನಿಂದ ಬೆಳಕು ಹಾಯುತ್ತದೆ. ದೀಪ ಕೂರಿಸುವ ಮೊದಲು ಬಾಡಿಯ ಒಳಮೈಗೆ ಕಪ್ಪು ಬಣ್ಣ ಎರಡು ಕೋಟ್ ಹೊಡೆಯಿರಿ. ಒಣಗಿದ ಮೇಲೆ ಟಾರ್ಚ್ ಒಳಗಿಟ್ಟು, ಹೊರಗಿಂದ ನೋಡಿ, ಎಲ್ಲಿ ಸೂಜಿ ಮೊನೆಯಷ್ಟು ಬೆಳಕು ಬಂದರೂ ಅಲ್ಲಿ ಮತ್ತೆ ಬಳಿಯಿರಿ. ಕಪ್ಪಿನ ಮೇಲೆ ಒಳಗಿನ ಛಾವಣಿಗೆ ಮಾತ್ರ ಬಿಳಿ ಕೊಟ್ಟರೆ ಒಳಗಿನ ಬೆಳಕು ಸಮ ಹರಡುತ್ತದೆ. ಅಲ್ಯೂಮಿನಿಯಂ ಫಾಯಿಲ್ ಅಂಟಿಸುವ ಉಪಾಯ ಹೇಳುವವರಿದ್ದಾರೆ, ನಾನು ಬೇಡ ಅನ್ನುತ್ತೇನೆ. ಅದು ಕರೆಂಟ್ ಹಾಯಿಸುತ್ತದೆ, ಒಂದು ಬತ್ತಲೆ ತಂತಿ ತಾಗಿದರೆ ಶಾರ್ಟ್. ಹೆಡ್‌ಲೈಟಿನ ಹಿಂದೆ ಎಲ್‌ಇಡಿಯ ಬೆನ್ನಿಗೂ ಕಪ್ಪು ಹಾಕಬೇಕು, ಇಲ್ಲದಿದ್ದರೆ ಡ್ರೈವರನ ಮುಖದ ಮೇಲೆ ಹೆಡ್‌ಲೈಟ್ ಬೀಳುತ್ತದೆ. ಮುಂದಿನ ತೂತಿನಲ್ಲಿ ಒಂದು ಹನಿ ಫೆವಿಕಾಲ್ ಬಿಡಿ. ಹಾಕಿದಾಗ ಬೆಳ್ಳಗಿರುತ್ತದೆ, ಮರುದಿನ ಗಾಜಿನ ಹಾಗೆ ತಿಳಿಯಾಗಿ ಲೆನ್ಸ್ ಆಗಿರುತ್ತದೆ.

ಇನ್ನು ಮಳೆಗಾಲದಲ್ಲಿ ಆರಿಹೋದ ಎರಡು ಬಸ್ಸು. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರೋಣ, ಯಾಕೆಂದರೆ ಒಣ ಊರಿನವರು ಮಾಡಿದ ವಿಡಿಯೋ ನೋಡಿ ಕಲಿತರೆ ಇದು ಗೊತ್ತಾಗುವುದಿಲ್ಲ. ಬಸ್ಸು ಬಿಚ್ಚಿ, ತಂತಿ ಎಲ್‌ಇಡಿಗೆ ಸೇರುವ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಹಸಿರು ಕಿಲುಬು ಕಂಡರೆ ಎಲ್‌ಇಡಿ ಸತ್ತಿಲ್ಲ, ತಂತಿ ತುಂಡಾಗಿದೆ. ನನಗೆ ಒಂದು ಮಳೆಗಾಲದಲ್ಲಿ ಹೀಗೆ ಹದಿನಾಲ್ಕು ಜೋಡಣೆ ಹೋದವು. ತಪ್ಪು ನನ್ನದೇ. ಡಬ್ಬಿಯಲ್ಲಿ ಬರುವ ಸೋಲ್ಡರಿಂಗ್ ಪೇಸ್ಟ್ ಧಾರಾಳ ಬಳಸಿದ್ದೆ, ಬೆಸೆದ ಮೇಲೆ ಒರೆಸಿರಲಿಲ್ಲ. ಕೆಲವು ಪೇಸ್ಟ್‌ಗಳಲ್ಲಿ ಆಮ್ಲದ ಅಂಶ ಇರುತ್ತದೆ. ದಪ್ಪ ವಯರಿಗೆ ಅದು ಲೆಕ್ಕಕ್ಕಿಲ್ಲ. ನಾವು ಬಳಸುವ ತಂತಿಯೋ ಕೂದಲಿನಷ್ಟು. ಅದರ ಮೇಲೆ ಪೇಸ್ಟು, ಅದಕ್ಕೆ ಆಷಾಢದ ತೇವ, ಕಡಲ ಉಪ್ಪು ಸೇರಿದರೆ ಎರಡು ತಿಂಗಳಲ್ಲಿ ತಿಂದು ಮುಗಿಸುತ್ತದೆ.

ಹಾಗಾಗಿ ನಾನು ಈಗ ಮಾಡುವುದು ಹೀಗೆ. ತಂತಿಯನ್ನು ಮೋಟರ್ ರಿವೈಂಡಿಂಗ್ ಅಂಗಡಿಯಿಂದ ತರುತ್ತೇನೆ. ಎನಾಮೆಲ್ ತಾಮ್ರದ ತಂತಿ, 38 ಅಥವಾ 40 ಗೇಜ್ ಕೇಳಿ. 40 ಗೇಜ್ ಅಂದರೆ 0.12 ಮಿ.ಮೀ. ಮೋಟರಿನ ತಂತಿಯ ಎನಾಮೆಲ್ ಗಟ್ಟಿ, ಸೋಲ್ಡರಿಂಗ್ ಐರನ್ನಿನ ಬಿಸಿಗೆ ಸುಲಭವಾಗಿ ಹೋಗುವುದಿಲ್ಲ. ತುದಿಯ 2 ಮಿ.ಮೀ.ಯನ್ನು ನಯವಾದ ಪಾಲಿಶ್ ಪೇಪರ್ ಮಡಚಿ, ಅದರ ನಡುವೆ ಇಟ್ಟು ಮೂರು ನಾಲ್ಕು ಸಲ ಎಳೆಯಿರಿ. ಕೆಂಪು ತಾಮ್ರ ಹೊಳೆದರೆ ಸಾಕು. ಬ್ಲೇಡಿನಲ್ಲಿ ಕೆರೆದರೆ ಗೀರು ಬಿದ್ದು ಅಲ್ಲೇ ಮುರಿಯುತ್ತದೆ.

ಆಮೇಲೆ ಒಂದು ಹಲಗೆ ಚೂರಿಗೆ ಎರಡು ಬದಿ ಅಂಟಿನ ಟೇಪ್ ಹಚ್ಚಿ, ಎಲ್‌ಇಡಿಯನ್ನು ಬೋರಲು ಅಂಟಿಸಿ. ಎರಡು ತುದಿಯ ಲೋಹಕ್ಕೂ ಒಂದು ಸಾಸಿವೆಯ ಕಾಲು ಭಾಗದಷ್ಟು ಬೆಸುಗೆ ಸೀಸ (ಸೋಲ್ಡರ್) ಮೊದಲೇ ಹಾಕಿಕೊಳ್ಳಿ. ತಂತಿಯ ತುದಿಗೂ ಸೀಸ ಸವರಿಕೊಳ್ಳಿ. ಈಗ ತಂತಿಯನ್ನು ತಂದು ಮುಟ್ಟಿಸಿ, ಐರನ್ ಒಂದೇ ಸೆಕೆಂಡ್ ತಾಗಿಸಿ ತೆಗೆಯಿರಿ. ಎರಡನೇ ಸೆಕೆಂಡಿಗೆ ಎಲ್‌ಇಡಿಯ ಲೋಹದ ಪಟ್ಟಿಯೇ ಎದ್ದು ಬರುತ್ತದೆ. ಸೀಸದ ತಂತಿಯ ಒಳಗೆ ರಾಳ ತುಂಬಿದ್ದು ಸಿಗುತ್ತದೆ, ಅದೊಂದೇ ಸಾಕು, ಡಬ್ಬಿ ಪೇಸ್ಟ್ ಮುಟ್ಟಬೇಡಿ. ಮುಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬ್ರಷ್‌ನಲ್ಲಿ ತೊಳೆಯಿರಿ. ಥಿನ್ನರ್ ಬೇಡ, ಬಸ್ಸಿನ ಪ್ಲಾಸ್ಟಿಕ್ ಕರಗುತ್ತದೆ. ಒಣಗಿದ ಬೆಸುಗೆಯ ಮೇಲೆ ಬಣ್ಣವಿಲ್ಲದ ನೈಲ್ ಪಾಲಿಶ್ ಒಂದು ಹನಿ. ಅದೂ ಬಸ್ಸಿನ ಹೊರಗೆ ಇರುವಾಗಲೇ ಹಾಕಿ, ಪೂರ್ತಿ ಒಣಗಿಸಿ, ಆಮೇಲೆ ಒಳಗೆ ಕೂರಿಸಿ. ಹಸಿ ನೈಲ್ ಪಾಲಿಶ್ ಕೂಡ ಪ್ಲಾಸ್ಟಿಕ್ಕನ್ನು ತಿನ್ನುತ್ತದೆ. ಹೀಗೆ ಮಾಡಿದ ಜೋಡಣೆಗಳಲ್ಲಿ ನನಗೆ ಆಮೇಲೆ ಕಿಲುಬು ಕಂಡಿಲ್ಲ.

ಬೆಸುಗೆ ಕೆಲಸವನ್ನೆಲ್ಲ ಪತ್ತನಾಜೆಯ (ಮೇ ಕೊನೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸುವ ದಿನ) ಒಳಗೆ ಮುಗಿಸುವುದು ನನ್ನ ಕ್ರಮ. ಆಟದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ನಾನೂ ಐರನ್ ಒಳಗಿಡುತ್ತೇನೆ. ಮಳೆ ಹಿಡಿದ ಮೇಲೆ ಕಾಗದದ ಕೆಲಸ, ಮರ ಗಿಡ ಮಾಡುವ ಕೆಲಸ. ನಿಮ್ಮ ಟೇಬಲ್ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಆಗಿದ್ದರೆ ಅಂಚುಗಳಿಗೆ ಪೇಂಟ್ ಹೊಡೆದುಬಿಡಿ, ನೀರು ಹೀರಿ ಉಬ್ಬುತ್ತದೆ. ಇನ್ನೂ ತಂದಿಲ್ಲ ಅಂದರೆ 710 ಗುರುತಿನ ಮರೈನ್ ಪ್ಲೈವುಡ್ ತನ್ನಿ.

ಬಸ್ಸಿನಿಂದ ಟೇಬಲಿನ ಅಡಿಗೆ ಕರೆಂಟ್ ತರುವುದು ಹೇಗೆ? ಎರಡು ತಂತಿಯನ್ನು ಚಕ್ರದ ಪಕ್ಕದಿಂದ 1 ಮಿ.ಮೀ. ತೂತಿನಲ್ಲಿ ಇಳಿಸುವುದು ಸುಲಭ, ಆದರೆ ಧೂಳು ಒರೆಸಲು ಬಸ್ಸು ಎತ್ತಿದಿರೋ, ತಂತಿ ಕಿತ್ತು ಬರುತ್ತದೆ. ಬಸ್ಸಿನ ಅಡಿಯಲ್ಲಿ ಎರಡು ಕಾಲಿನ ಬರ್ಗ್ ಪಿನ್ (ಸಾಕೆಟ್ಟಿಗೆ ಚುಚ್ಚುವ ಸಣ್ಣ ಲೋಹದ ಕಡ್ಡಿಗಳ ಸಾಲು) ಅಂಟಿಸಿ, ರಸ್ತೆಯಲ್ಲಿ ಅದರ ಸಾಕೆಟ್ ಹುಗಿಯಿರಿ. ರೆಸಿಸ್ಟರುಗಳು ಟೇಬಲಿನ ಅಡಿಯಲ್ಲಿರಲಿ, ದೀಪ ಜಾಸ್ತಿ ಅನ್ನಿಸಿದರೆ ಬಸ್ಸು ಬಿಚ್ಚದೆ ಬದಲಾಯಿಸಬಹುದು. ಹಾಗೆ ಮಾಡಲು ಒಂದೊಂದು ಎಲ್‌ಇಡಿಗೂ ಬೇರೆ ಬೇರೆ ಪಿನ್, ಎಲ್ಲಕ್ಕೂ ಸೇರಿ ಇನ್ನೊಂದು ಪಿನ್ ಬೇಕಾಗುತ್ತದೆ, ಎರಡರ ಬದಲು ಅಷ್ಟು ಕಾಲಿನದ್ದು ಹಾಕಿಕೊಳ್ಳಿ. ಓಡುವ ಬಸ್ಸು ಬೇಕು ಅಂತ ಮನಸ್ಸಾದರೆ ಜರ್ಮನಿಯ ಫಾಲರ್ ಕಂಪನಿಯ ಕಾರ್ ಸಿಸ್ಟಮ್ ಇದೆ. ರಸ್ತೆಯ ಅಡಿಯಲ್ಲಿ ಕಬ್ಬಿಣದ ತಂತಿ, ಗಾಡಿಯ ಮುಂದಿನ ಚಕ್ರಕ್ಕೆ ಅಯಸ್ಕಾಂತ, ಒಳಗೆ ಚಾರ್ಜ್ ಆಗುವ ಬ್ಯಾಟರಿ. ನೋಡಲು ಚೆಂದ. 6 ಅಡಿಯ ಲೇಔಟಿಗೆ ಅದು ಬೇಡ, ತಿರುವಿಗೇ ಅರ್ಧ ಜಾಗ ಹೋಗುತ್ತದೆ.

ಬೋಗಿ ಮಿಣುಕುವುದು ಬೇರೆ ವಿಷಯ. ಅಲ್ಲಿ ಕರೆಂಟ್ ಹಳಿಯಿಂದ ಚಕ್ರಕ್ಕೆ ಬರಬೇಕು, ಹಳಿ ಕೊಳೆಯಾದರೆ ತಪ್ಪುತ್ತದೆ. ಮೊದಲು ಹಳಿ, ಚಕ್ರ ಎರಡನ್ನೂ ಅದೇ ಆಲ್ಕೋಹಾಲಿನಲ್ಲಿ ಒರೆಸಿ. ಆಮೇಲೆ ಬೋಗಿಯೊಳಗೆ ಒಂದು ಬ್ರಿಜ್ ರೆಕ್ಟಿಫೈಯರ್ (ಕರೆಂಟ್ ಯಾವ ಕಡೆಯಿಂದ ಬಂದರೂ ಒಂದೇ ದಿಕ್ಕಿಗೆ ಕಳಿಸುವಂಥದು), ಅದರ ಮುಂದೆ ಕ್ಷಣ ಹೊತ್ತು ಕರೆಂಟ್ ಹಿಡಿದಿಟ್ಟುಕೊಳ್ಳುವ 25 ವೋಲ್ಟಿನ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ರೆಕ್ಟಿಫೈಯರ್ ಇದ್ದರೆ ರೈಲು ಹಿಂದೆ ಓಡಿದಾಗಲೂ ದೀಪ ಆರುವುದಿಲ್ಲ. ನಿಮ್ಮದು ಡಿಸಿಸಿ (ಡಿಜಿಟಲ್ ಸಂಕೇತದಿಂದ ರೈಲು ಓಡಿಸುವ ಪದ್ಧತಿ) ಆಗಿದ್ದರೆ ಕೆಪಾಸಿಟರಿಗೆ ಸರಣಿಯಲ್ಲಿ 100 ಓಮ್ ರೆಸಿಸ್ಟರ್ ಕಡ್ಡಾಯ, ಇಲ್ಲದಿದ್ದರೆ ಸ್ವಿಚ್ ಹಾಕಿದ ಕೂಡಲೇ ಎಲ್ಲ ಬೋಗಿಗಳೂ ಒಟ್ಟಿಗೆ ಎಳೆದು ಕಂಟ್ರೋಲರ್ ಶಾರ್ಟ್ ಅಂತ ತಿಳಿಯುತ್ತದೆ. ರೆಗ್ಯುಲೇಟರ್ ತಿರುಗಿಸಿ ಓಡಿಸುವ ಹಳೆಯ ಡಿಸಿ ಆದರೆ ರೈಲು ನಿಂತಾಗ ದೀಪ ಆರುತ್ತದೆ, ಅದಕ್ಕೆ ಕೆಪಾಸಿಟರ್ ಸಾಲುವುದಿಲ್ಲ, ಬೋಗಿಯಲ್ಲೇ ಸೆಲ್ ಇಡಬೇಕು.

ರೋರೋ ಕೇಳಿದ್ದು ನನಗೆ ಬಹಳ ಖುಷಿ. ಕೊಂಕಣ ರೈಲ್ವೆ 1999ರಲ್ಲಿ ಶುರು ಮಾಡಿದ ಈ ಪದ್ಧತಿಯನ್ನು ನಮ್ಮ ಸುರತ್ಕಲ್‌ನಲ್ಲಿ ನೋಡಿದವರಿಗೆ ಮರೆಯುವುದಿಲ್ಲ. ಚಪ್ಪಟೆ ವ್ಯಾಗನ್ ಮೇಲೆ ಸಾಲಾಗಿ ಲಾರಿಗಳು, ಡ್ರೈವರ್ ಕ್ಲೀನರ್ ಲಾರಿಯಲ್ಲೇ ಕೂತು ಪ್ರಯಾಣ. ಆದರೆ ಗಮನಿಸಿ, ವ್ಯಾಗನ್ ಮೇಲೆ ನಿಂತ ಲಾರಿಯ ಎಂಜಿನ್ ಆಫ್. ಹಾಗಾಗಿ ಹೆಡ್‌ಲೈಟ್ ಬೇಡ. ಹತ್ತು ಲಾರಿಗೂ ಹೆಡ್‌ಲೈಟ್ ಹಾಕಿದರೆ ಅದು ರೋರೋ ಆಗುವುದಿಲ್ಲ, ಟ್ರಾಫಿಕ್ ಜಾಮ್ ಆಗುತ್ತದೆ. ಒಂದು ಲಾರಿಯ ಕ್ಯಾಬಿನ್ನಿನಲ್ಲಿ ಮಾತ್ರ ಮಂಕು ದೀಪ ಇಡಿ, ಒಳಗೆ ಯಾರೋ ಬುತ್ತಿ ಬಿಚ್ಚಿದ್ದಾರೆ ಅನ್ನುವ ಹಾಗೆ. ಉಳಿದವರು ಮಲಗಿದ್ದಾರೆ.

ಇದಕ್ಕೆ ಹಳಿಯ ಕರೆಂಟೂ ಬೇಡ. ಲಾರಿಯ ಅಗಲ ಎಚ್‌ಒದಲ್ಲಿ ಸುಮಾರು 28 ಮಿ.ಮೀ., ಸಿಆರ್ 2032 ಸೆಲ್ಲಿನ ಅಗಲ 20 ಮಿ.ಮೀ. ಟಾರ್ಪಾಲಿನ ಅಡಿ ಆರಾಮಾಗಿ ಮಲಗುತ್ತದೆ. ಸೆಲ್ 3 ವೋಲ್ಟ್ ಮಾತ್ರ ಇರುವುದರಿಂದ ಇಲ್ಲಿ 10ಕೆ ಹಾಕಬೇಡಿ, ಏನೂ ಕಾಣುವುದಿಲ್ಲ. 1ಕೆ ಸಾಕು. ಸಣ್ಣ ಸ್ಲೈಡ್ ಸ್ವಿಚ್ ಒಂದನ್ನು ಲಾರಿಯ ಹೊಟ್ಟೆಯಡಿ ಅಡಗಿಸಿದರೆ ಒಂದು ಸೆಲ್ ನೂರಾರು ಗಂಟೆ ಬಾಳುತ್ತದೆ. ಮಳೆಗಾಲಕ್ಕೆ ಮುಂಚೆ ಸೆಲ್ ತೆಗೆದಿಡಿ, ಸೋರಿದರೆ ಲಾರಿಯೇ ಹಾಳು.

ಕೊನೆಯ ವ್ಯಾಗನ್ನಿಗೆ ಎಲ್‌ವಿ ಬೋರ್ಡು (ಲಾಸ್ಟ್ ವೆಹಿಕಲ್, ರೈಲು ಇಲ್ಲಿಗೆ ಮುಗಿಯಿತು ಅನ್ನುವ ಗುರುತು), ಕೆಂಪು ಮಿನುಗು ದೀಪ ಬೇಕಲ್ವಾ? ತಾನಾಗಿ ಮಿನುಗುವ ಕೆಂಪು ಎಲ್‌ಇಡಿ 3 ಮಿ.ಮೀ.ನದ್ದು ಅಂಗಡಿಯಲ್ಲಿ ಸಿಗುತ್ತದೆ, ಆದರೆ ದೀಪವಾಗಿ ಅದು ದೊಡ್ಡದಾಯಿತು. ಅದನ್ನು ಕೊನೆಯ ಲಾರಿಯ ಬಾಡಿಯೊಳಗೆ ಅಡಗಿಸಿ, ಮುಂಭಾಗಕ್ಕೆ ಅರ್ಧ ಮಿ.ಮೀ.ನ ಫೈಬರ್ ಎಳೆಯ ಒಂದು ತುದಿ ಅಂಟಿಸಿ. ಇನ್ನೊಂದು ತುದಿಯನ್ನು ವ್ಯಾಗನ್ನಿನ ಹಿಂಬದಿಗೆ ತನ್ನಿ. ಅಲಂಕಾರದ ಫೈಬರ್ ಲ್ಯಾಂಪ್ ಹಾಳಾದದ್ದು ಯಾರ ಮನೆಯಲ್ಲಾದರೂ ಇರುತ್ತದೆ, ಅದರಿಂದ ಒಂದೆಳೆ ಕಿತ್ತುಕೊಳ್ಳಿ. ಹೊರಗೆ ಬಂದ ತುದಿಯ ಹತ್ತಿರ ಬಿಸಿ ಐರನ್ ತನ್ನಿ, ಮುಟ್ಟಿಸಬೇಡಿ. ಅರ್ಧ ಕ್ಷಣದಲ್ಲಿ ತುದಿ ಅಣಬೆಯ ಹಾಗೆ ಅರಳಿ ನಿಲ್ಲುತ್ತದೆ. ಮೊದಲ ಎರಡು ಮೂರು ಕರಗಿ ಹೋಗುತ್ತವೆ, ಎಳೆ ಸ್ವಲ್ಪ ಉದ್ದವೇ ಇಟ್ಟುಕೊಳ್ಳಿ.